ಹೆಗ್ಗಡಿತಿಯ ಅಡುಗೆಮನೆ: ಲೆಕ್ಕಕ್ಕೆ ಬಾರದ ದುಡಿಮೆ

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936ರಲ್ಲಿ ಪ್ರಕಟವಾದಂದಿನಿಂದ ಅದನ್ನು ಮಲೆನಾಡಿನ ಮಹಾಚಿತ್ರವೆಂದೂ ಹೂವಯ್ಯನ ಆತ್ಮವಿಕಾಸದ ಕಥೆಯೆಂದೂ ಓದುವುದು ರೂಢಿಯಾಗಿದೆ. ಈ ಓದು ತಪ್ಪಲ್ಲ, ಅಪೂರ್ಣ. ಕೃತಿಯ ಹೆಸರಿನಲ್ಲಿರುವುದು ಹೂವಯ್ಯನಲ್ಲ, ಹೆಗ್ಗಡಿತಿ. ಲೇಖಕರು ಜನಿಸಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. ಬಾಳಗಡಿ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯವರಿಗೆ ಕಾನೂರಿನ ಜಗಲಿಯೂ ಹಿತ್ತಿಲೂ ಬಚ್ಚಲೂ ಅಪರಿಚಿತವಲ್ಲ. ಹಾಗಿದ್ದೂ ಆ ಮನೆಯನ್ನು ನಡೆಸುವ ಹೆಂಗಸರ ದುಡಿಮೆಯ ಕಡೆಗೆ ವಿಮರ್ಶೆಯ ಗಮನ ಹರಿದುದು ಕಡಿಮೆ.

ಚಂದ್ರಯ್ಯಗೌಡರ ಮೂರನೆಯ ಹೆಂಡತಿಯಾಗಿ ಸುಬ್ಬಮ್ಮ ಬಡಮನೆಯಿಂದ ಬಂದವಳು. ಹೂವಯ್ಯನ ತಾಯಿ ನಾಗಮ್ಮನವರು ವಿಧವೆ. ಇವರಿಬ್ಬರ ಕಲಹವನ್ನು ಓದುಗರು ಹೆಣ್ಣುಮನಸ್ಸಿನ ಅಸೂಯೆಯೆಂದು ಸುಲಭವಾಗಿ ಬದಿಗೆ ಸರಿಸುತ್ತಾರೆ. ಕಾದಂಬರಿಯ ನಿರೂಪಣೆಯೂ ಕೆಲವೆಡೆ ಅದಕ್ಕೆ ಎಡೆಗೊಡುತ್ತದೆ. ವಾಸ್ತವವಾಗಿ ಅದು ಅಡುಗೆಮನೆಯ ಅಧಿಕಾರದ ಪ್ರಶ್ನೆ. ಮನೆಯಲ್ಲಿ ವರ್ಷಗಟ್ಟಲೆ ದುಡಿದವರಿಗೆ ದುಡಿಮೆಯೊಂದನ್ನು ಬಿಟ್ಟು ಬೇರೆ ಹಕ್ಕಿಲ್ಲ. ಹೊಸದಾಗಿ ಬಂದವಳಿಗೆ ಗಂಡನ ಒಲವನ್ನು ಬಿಟ್ಟು ಬೇರೆ ಆಧಾರವಿಲ್ಲ. ಇಬ್ಬರೂ ಹೆದರಿದವರು. ಹೆದರಿದವರು ತಮ್ಮನ್ನು ಹೆದರಿಸಿದವರೊಡನೆ ಜಗಳವಾಡಲಾರದೆ ತಮ್ಮತಮ್ಮಲ್ಲೇ ಜಗಳವಾಡುತ್ತಾರೆ.

ಹೂವಯ್ಯನ ಚಿತ್ರಣದಲ್ಲಿ ಈ ಕೊರತೆ ಇನ್ನೂ ಸ್ಪಷ್ಟ. ಮೈಸೂರಿನಿಂದ ಪುಸ್ತಕಗಳೊಡನೆ ಮರಳಿದ ಆ ಆದರ್ಶವಾದಿಗೆ ಬೇಲರ ದುಃಸ್ಥಿತಿ ಕಾಣುತ್ತದೆ, ದೆವ್ವ ಬಲಿಗಳ ಮೌಢ್ಯವೂ ಕಾಣುತ್ತದೆ. ಪಾಲಾದ ಮೇಲೆ ಅವನು ತಾಯಿಯೊಡನೆ ಕೆಳಕಾನೂರಿಗೆ ಹೋಗಿ ಹೊಸ ಬಾಳನ್ನು ಕಟ್ಟುತ್ತಾನೆ. ಆ ಬಾಳಿನ ಒಲೆಯನ್ನು ಹೊತ್ತಿಸುವವರು ಯಾರೆಂಬ ವಿಚಾರ ಅವನ ಚಿಂತನೆಯ ವಿಷಯವಾಗುವುದಿಲ್ಲ. ಜೀತದ ಆಳಿನ ಬಗೆಗೆ ಇಷ್ಟು ಮರುಗಿದ ಮಹಾಕೃತಿಯೊಂದು ಅಡುಗೆಮನೆಯ ದುಡಿಮೆಯನ್ನು ಹಿನ್ನೆಲೆಯಾಗಿಯೇ ಬಿಟ್ಟುದು ಸಣ್ಣ ಸಂಗತಿಯಲ್ಲ.

ಆ ಪ್ರಶ್ನೆ ಆ ಕಾಲಕ್ಕೆ ಹುಟ್ಟಿರಲಿಲ್ಲವೆಂದು ಸಮರ್ಥಿಸುವಂತಿಲ್ಲ. ಕಾದಂಬರಿಗೆ ಮೂರು ವರ್ಷ ಮೊದಲೇ, 1933ರಲ್ಲಿ, ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದು ಅವಿಭಕ್ತ ಆಸ್ತಿಯ ವಿಭಾಗದಲ್ಲಿ ತಾಯಂದಿರಿಗೂ ವಿಧವೆಯರಿಗೂ ಪಾಲನ್ನು ಒಪ್ಪಿತ್ತು. ಕಾಗದದ ಮೇಲಿನ ಪಾಲು ಮಲೆನಾಡಿನ ಒಳಮನೆಗಳಿಗೆ ತಲುಪುವುದು ಬೇರೆಯೇ ಮಾತು.

ಇಂದಿನ ಸ್ಥಿತಿಯಲ್ಲಿ ಬದಲಾದುದೆಷ್ಟು? ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದವರು ಬಹುಪಾಲು ಹೆಂಗಸರು. ಅವರ ಕೂಲಿ ಸುಲಿದ ಅಳತೆಯ ಮೇಲೆ, ಕೆಲಸ ಹಂಗಾಮು ಇರುವಷ್ಟು ದಿನ. ಸುಲಿಯುವ ಯಂತ್ರ ಅಂಗಳಕ್ಕೆ ಬಂದಾಗ ಅವರನ್ನು ಬರಬೇಡಿರೆಂದು ಹೇಳಬೇಕಾದ ಅಗತ್ಯವೂ ಇಲ್ಲ; ಕರೆಯದಿದ್ದರಾಯಿತು. ಆಳುಗಳಿಗೆ ಕಾಫಿ, ತಿಂಡಿ, ಊಟ ಸಿದ್ಧಪಡಿಸುವ ಮನೆಯೊಡತಿಯ ಶ್ರಮವಂತೂ ತೋಟದ ಲೆಕ್ಕಪುಸ್ತಕದ ಯಾವ ಪುಟಕ್ಕೂ ಬರುವುದಿಲ್ಲ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ವೇತನವಿಲ್ಲದ ಮನೆಗೆಲಸ ಮಾಡುವವರಲ್ಲಿ ಸ್ತ್ರೀಯರು ಅದಕ್ಕೆ ದಿನಕ್ಕೆ 289 ನಿಮಿಷ ವ್ಯಯಿಸುತ್ತಾರೆ, ಪುರುಷರು 88 ನಿಮಿಷ.

ಸರಕಾರವೂ ಇದೇ ಮನೆಯ ನೀತಿಯನ್ನು ಅನುಸರಿಸಿತು. 1975ರಲ್ಲಿ ಆರಂಭವಾದ ಅಂಗನವಾಡಿಯ ಕಾರ್ಯಕರ್ತೆಯರಿಗೆ ಸಲ್ಲುವುದು ವೇತನವಲ್ಲ, ‘ಗೌರವಧನ’. ಅವರದು ಸರಕಾರಿ ಹುದ್ದೆಯಲ್ಲವೆಂದು 2006ರಲ್ಲಿ ಕರ್ನಾಟಕದ ಪ್ರಕರಣವೊಂದರಲ್ಲೇ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅವರು ಗ್ರಾಚ್ಯುಟಿಗೆ ಅರ್ಹರೆಂದು ಅದೇ ನ್ಯಾಯಾಲಯ ಹೇಳಿದುದು 2022ರಲ್ಲಿ. ಗೌರವವೆಂಬ ಮಾತು ಕೂಲಿಯ ಕೊರತೆಯನ್ನು ಮುಚ್ಚುವ ಹೊದಿಕೆಯಾದುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ದೇವಸ್ಥಾನಗಳಲ್ಲಿ ‘ಸೇವೆ’ ಎಂಬ ಮಾತೂ ಹೀಗೆ ಬಳಕೆಯಾಗುವುದುಂಟು. ಅಂಗಳ ಗುಡಿಸುವವಳ, ಪಾತ್ರೆ ತೊಳೆಯುವವಳ ಕೆಲಸ ಹರಕೆಯೋ ಹೊಟ್ಟೆಪಾಡೋ ಎಂಬುದನ್ನು ಟ್ರಸ್ಟುಗಳು ಅವಳನ್ನೇ ಕೇಳಿ ತಿಳಿಯಬಹುದು.

ಅಹಿಂಸಾಣುವ್ರತದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅತಿಭಾರಾರೋಪಣವನ್ನೂ ಅನ್ನಪಾನನಿರೋಧವನ್ನೂ ಎಣಿಸುತ್ತದೆ. ಇವನ್ನು ಎತ್ತು ಕುದುರೆಗಳಿಗೆ ಅನ್ವಯಿಸಿ ವಿವರಿಸುವುದು ಉಪನ್ಯಾಸಗಳ ವಾಡಿಕೆ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಳಿದುದನ್ನು ಉಣ್ಣುವವಳಿಗೆ ಅನ್ವಯಿಸಿದರೆ ಸೂತ್ರದ ಅರ್ಥವೇನೂ ಕೆಡದು.

ಈ ಬೆಳಕಿನಲ್ಲಿ ಸುಬ್ಬಮ್ಮನ ಅಂತ್ಯವನ್ನು ಮತ್ತೆ ಓದಬೇಕು. ಗಂಡನ ಮರಣಾನಂತರ ಮನೆಯ ಯಜಮಾನಿಕೆ ಅವಳ ಕೈಸೇರುತ್ತದೆ; ಆದರೆ ತೋಟ ಗದ್ದೆಗಳ ವ್ಯವಹಾರವನ್ನು ಅವಳಿಗೆ ಯಾರೂ ಕಲಿಸಿದ್ದಿಲ್ಲ. ಸೇರೆಗಾರನನ್ನು ಅವಲಂಬಿಸುತ್ತಾಳೆ, ಗರ್ಭಿಣಿಯಾಗುತ್ತಾಳೆ, ಗರ್ಭ ತೆಗೆಸುವ ಯತ್ನದಲ್ಲಿ ಸಾಯುತ್ತಾಳೆ. ಇದನ್ನು ಚಾರಿತ್ರ್ಯದ ಪತನವೆಂದು ಓದಿದವರೇ ಹೆಚ್ಚು. ಕುವೆಂಪು ಅವಳನ್ನು ಕನಿಕರದಿಂದಲೇ ಕಂಡಿದ್ದಾರೆ. ಆದರೆ ಕನಿಕರಕ್ಕಿಂತ ಹೆಚ್ಚಿನ ಸಾಕ್ಷ್ಯವನ್ನು ಕಾದಂಬರಿ ತನಗರಿಯದೆಯೇ ಒದಗಿಸಿದೆ: ಆ ದೊಡ್ಡ ಮನೆಯಲ್ಲಿ ಹೆಗ್ಗಡಿತಿ ಎಂಬುದು ಹೆಸರಷ್ಟೇ ಆಗಿತ್ತು, ಅದರೊಡನೆ ಬಂದುದು ಕೆಲಸ ಮಾತ್ರ.