ಊರಿಲ್ಲದ ದ್ವೀಪ

ಬಿಳೇಕಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗ ಹನಿಮೂನ್ ಅಂದ್ರೆ ಮಾಲ್ಡೀವ್ಸ್. ವಾಟ್ಸಾಪಿಗೆ ಬರೋ ಫೋಟೋಗಳೆಲ್ಲ ಒಂದೇ ಥರ: ನೀಲಿ ನೀರು, ಮರದ ಸೇತುವೆ, ನೀರಿನ ಮೇಲೊಂದು ವಿಲ್ಲಾ. ಚೆನ್ನಾಗೇ ಇರುತ್ತೆ. ಆದರೆ ಅದರಲ್ಲಿ ಏನಿಲ್ಲ ಅಂತಾನೂ ಒಮ್ಮೆ ನೋಡಿ. ಕಿರಾಣಿ ಅಂಗಡಿ, ಶಾಲೆ, ಮುದುಕರು ಯಾರೂ ಕಾಣಲ್ಲ. ಊರೇ ಇಲ್ಲ.

ಇದು ಕ್ಯಾಮೆರಾದ ಜಾಣತನವಲ್ಲ, ಆ ದೇಶದ ಏರ್ಪಾಡು. 1972ರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ಶುರುವಾಯಿತು. ಆಮೇಲೆ ಬೆಳೆದ ಸೂತ್ರ: ಒಂದು ದ್ವೀಪ, ಒಂದು ರೆಸಾರ್ಟ್. ಜನವಸತಿ ಇಲ್ಲದ ದ್ವೀಪಗಳನ್ನು ಗುತ್ತಿಗೆಗೆ ಕೊಟ್ಟು ಪ್ರವಾಸಿಗರನ್ನು ಅಲ್ಲೇ ಇಳಿಸೋದು. ನಮ್ಮ ಬಿಯರು, ಬಿಕಿನಿ ಅವರ ಊರಿನ ಮಸೀದಿ ಮುಂದೆ ಬೇಡ ಅನ್ನೋದು ನ್ಯಾಯವೇ. ಆದರೆ ಪ್ರವಾಸಿಗರ ಕಸ ಹೋಗಿ ಬೀಳೋ ತಿಲಫುಶಿ ದ್ವೀಪ ಯಾವ ಪ್ಯಾಕೇಜಿನ ಬ್ರೋಷರಿನಲ್ಲೂ ಇರಲ್ಲ.

ಇದರ ಪಕ್ಕ ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಇಟ್ಟು ನೋಡಿ. ಲಾವಾ ತಣ್ಣಗಾಗಿ ನಿಂತ ಕಲ್ಲುಕಂಬಗಳು. ರೆಸಾರ್ಟಿಲ್ಲ, ರಾತ್ರಿ ಉಳಿಯೋ ಹಾಗಿಲ್ಲ, ಮಳೆಗಾಲದಲ್ಲಿ ಬೋಟೂ ಇಲ್ಲ. ಗದ್ದಲ ಉಂಟು, ಚಿಪ್ಸ್ ಕವರೂ ಉಂಟು. ಆದರೆ ಆ ಕವರ್ ಎಸೆದವರ ಕಣ್ಣಿಗೇ ಬೀಳುತ್ತೆ. ವಾಪಸ್ ಬಂದು ಇಳಿಯೋದು ಮೀನುಗಾರರ ಊರಿನಲ್ಲೇ.

ಹಳ್ಳಿ ಕಡೆ ಹೊಸಬರು ಬಸ್ಸಿಳಿದ್ರೆ "ಯಾರ ಮನೆಗೆ ಬಂದ್ರಿ?" ಅಂತ ಕೇಳ್ತಾರೆ. ಐಷಾರಾಮಿ ದ್ವೀಪದಲ್ಲಿ ನಾವು ದುಡ್ಡು ಸುರಿಯೋದು ಈ ಪ್ರಶ್ನೆ ಯಾರೂ ಕೇಳಬಾರದು ಅಂತ. ಹೋಗೋದಾದ್ರೆ ಹೋಗಿ, ಎರಡು ರಾತ್ರಿ ಮಾಫುಶಿಯಂಥ ಜನರಿರೋ ದ್ವೀಪದಲ್ಲೂ ಉಳೀರಿ. ಅಲ್ಲೀಗ ಗೆಸ್ಟ್‌ಹೌಸುಗಳಿವೆ. ಯಾರಾದ್ರೂ ಕೇಳಿಯಾರು.