ಪ್ರಧಾನ ವಿಷಯವೂ ಉಪವಿಷಯವೂ: ಕನ್ನಡ ವಿದ್ವತ್ತಿನ ಸಾಕ್ಷ್ಯ

ಕಾಲೇಜಿನಲ್ಲಿ ಒಂದು ಶಾಸ್ತ್ರವನ್ನು ಪ್ರಧಾನವಾಗಿ ಹಿಡಿದ ವಿದ್ಯಾರ್ಥಿಯು ಅದರೊಡನೆ ಮತ್ತೊಂದನ್ನು ಉಪವಿಷಯವಾಗಿ ಓದಬೇಕೆ, ಬೇಡವೆ ಎಂಬುದು ಮೇಲುನೋಟಕ್ಕೆ ಪಠ್ಯಕ್ರಮವನ್ನು ರಚಿಸುವವರ ಪ್ರಶ್ನೆಯಾಗಿ ತೋರುತ್ತದೆ. ಸಾಹಿತ್ಯ ವಿಮರ್ಶೆಗೂ ಅದಕ್ಕೂ ಏನು ಸಂಬಂಧವೆಂದು ಕೇಳುವವರೂ ಉಂಟು. ಆದರೆ ಕಳೆದ ನೂರು ವರ್ಷಗಳಲ್ಲಿ ಕನ್ನಡದಲ್ಲಿ ಹುಟ್ಟಿದ ವಿದ್ವತ್ಕೃತಿಗಳಲ್ಲಿ ಉತ್ತಮವಾದ ಕೆಲವನ್ನು ಎದುರಿಗಿಟ್ಟುಕೊಂಡು ಪರಿಶೀಲಿಸಿದರೆ, ಅವುಗಳ ಗುಣಕ್ಕೂ ಕೊರತೆಗೂ ಕಾರಣವು ಹಲವೆಡೆ ಗ್ರಂಥಕರ್ತರ ಎರಡನೆಯ ವಿಷಯದಲ್ಲಿಯೇ ದೊರೆಯುತ್ತದೆ. ಆದುದರಿಂದ ಈ ಪ್ರಶ್ನೆಯನ್ನು ಕಚೇರಿಯ ಸುತ್ತೋಲೆಗಳಿಂದ ಬಿಡಿಸಿ ಗ್ರಂಥಗಳ ಬಳಿಗೆ ಕೊಂಡೊಯ್ಯುವುದು ಯುಕ್ತವಾಗಿದೆ.

ಸುತ್ತೋಲೆಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಲ್ಲಿ ಎಲ್ಲ ರಾಜ್ಯಗಳಿಗಿಂತ ಮೊದಲು ಜಾರಿಗೆ ತಂದದ್ದು ಕರ್ನಾಟಕ. ಅದು 2021-22ನೆಯ ವರ್ಷದಲ್ಲಿ. ಮೊದಲ ಎರಡು ವರ್ಷ ಎರಡು ವಿಷಯಗಳನ್ನು ಸಮಾನವಾಗಿ ಓದಿ, ಮೂರನೆಯ ವರ್ಷದ ಬಾಗಿಲಲ್ಲಿ ಒಂದನ್ನು ಮೇಜರ್ ಎಂದೂ ಮತ್ತೊಂದನ್ನು ಮೈನರ್ ಎಂದೂ ಗೊತ್ತುಮಾಡಿಕೊಳ್ಳುವುದು, ಇಲ್ಲವೆ ಎರಡನ್ನೂ ಮೇಜರ್ ಆಗಿಯೇ ನಡೆಸುವುದು, ಆಗ ಇಲ್ಲಿ ಏರ್ಪಟ್ಟ ಕ್ರಮ. 2024ರ ಮೇ ತಿಂಗಳಲ್ಲಿ ರಾಜ್ಯವು ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಹಿಂದಿರುಗಿತು. ಹೀಗೆ ಒಂದೇ ಮನೆಯ ಅಕ್ಕನು ಒಂದು ಕ್ರಮದಲ್ಲಿಯೂ ತಮ್ಮನು ಇನ್ನೊಂದು ಕ್ರಮದಲ್ಲಿಯೂ ಓದುವಂತಾಯಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಯ 120 ಕ್ರೆಡಿಟ್ಟುಗಳ ಪೈಕಿ ಪ್ರಧಾನ ವಿಷಯಕ್ಕೆ 60, ಉಪವಿಷಯಕ್ಕೆ 24 ಎಂದು ನಿಗದಿಯಾಗಿದೆ. ಒಂದು ಕ್ರೆಡಿಟ್ಟಿಗೆ 15 ಗಂಟೆಯ ಪಾಠವೆಂದು ಲೆಕ್ಕ ಹಾಕಿದರೆ ಉಪವಿಷಯಕ್ಕೆ 360 ಗಂಟೆಗಳ ಬೋಧನೆಯಾಯಿತು. ಇದು ಅಲ್ಪವಾದುದಲ್ಲ. ಒಬ್ಬ ತರುಣನ ಪದವಿಯ ಐದರಲ್ಲಿ ಒಂದು ಪಾಲು ಯಾವ ಫಲಕ್ಕಾಗಿ ವ್ಯಯವಾಗಬೇಕೆಂಬುದು ವಿಚಾರಾರ್ಹವಾದುದು.

ಇದಕ್ಕೆ ಉತ್ತರವನ್ನು ಹುಡುಕುವವರಿಗೆ ಬೆಂಗಳೂರಿನ ಪಶ್ಚಿಮ ಭಾಗದಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. ಕೆಂಗೇರಿಯ ದಾರಿಯಲ್ಲಿರುವ ಜ್ಞಾನಭಾರತಿಯ ಕನ್ನಡ ಅಧ್ಯಯನ ಕೇಂದ್ರದಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದ ಡಾ. ಎಂ. ಚಿದಾನಂದಮೂರ್ತಿಗಳವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವೇ ಆ ನಿದರ್ಶನ. ಅವರು ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಬರುವ ಮೊದಲೇ, ಮೈಸೂರಿನಲ್ಲಿ ತೀ. ನಂ. ಶ್ರೀಕಂಠಯ್ಯನವರ ಮಾರ್ಗದರ್ಶನದಲ್ಲಿ ಸಿದ್ಧವಾದ ಪ್ರೌಢಪ್ರಬಂಧವಿದು. 1966ರಲ್ಲಿ ಗ್ರಂಥರೂಪವಾಗಿ ಹೊರಬಂದಿತು. ಅದರ ವ್ಯಾಪ್ತಿ ಕ್ರಿ. ಶ. 450ರಿಂದ 1150ರವರೆಗೆ, ಎಂದರೆ ಹಲ್ಮಿಡಿಯ ಶಾಸನದಿಂದ ಹಿಡಿದು ವಚನಕಾರರ ಕಾಲದ ಹೊಸ್ತಿಲಿನವರೆಗೆ. ಬರೆದವರು ಇತಿಹಾಸದ ಪದವೀಧರರಲ್ಲ, ಕನ್ನಡ ಸಾಹಿತ್ಯದ ವಿದ್ಯಾರ್ಥಿ. ಆದರೂ ಲಿಪಿಶಾಸ್ತ್ರ, ಸಮಾಜದ ಇತಿಹಾಸ, ಮತಗಳ ಇತಿಹಾಸ ಇವೆಲ್ಲವನ್ನೂ ಅವರು ಕಲಿಯಬೇಕಾಯಿತು. ಹೀಗೆ ಕಲಿತದ್ದು ಅಲಂಕಾರಕ್ಕಾಗಿ ಅಲ್ಲ. ಕಾವ್ಯಗಳನ್ನು ಓದುವಾಗ ಏಳುವ ಪ್ರಶ್ನೆಗಳಿಗೆ ಕಾವ್ಯಗಳೊಳಗೆ ಉತ್ತರವಿಲ್ಲದಿದ್ದುದೇ ಇದರ ಕಾರಣವೆಂದು ಗ್ರಂಥವನ್ನು ಓದುತ್ತ ಹೋದಂತೆ ಸ್ಪಷ್ಟವಾಗುತ್ತದೆ.

ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತರಿಸಿ ನೋಡಬಹುದು. ಪಂಪಭಾರತದ ಕರ್ಣನು ತನ್ನ ಜನ್ಮವೃತ್ತಾಂತವನ್ನು ತಿಳಿದ ಮೇಲೂ ದುರ್ಯೋಧನನನ್ನು ಬಿಟ್ಟು ಬರಲೊಲ್ಲನು. ತರಗತಿಯಲ್ಲಿ ಇದನ್ನು ಸ್ನೇಹನಿಷ್ಠೆಯೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಹಾಗೆ ಹೇಳಿದರೆ ತಪ್ಪಿಲ್ಲ. ಆದರೆ ಪಂಪನ ಕಾಲದ ಓದುಗನ ಕಿವಿಗೆ ಅಲ್ಲಿ ಕೇಳಿಸುತ್ತಿದ್ದುದು ಇನ್ನೂ ಖಚಿತವಾದ ಒಂದು ಮಾತು. ಉಂಡ ಅನ್ನದ ಋಣವನ್ನು ಪ್ರಾಣವಿತ್ತು ತೀರಿಸುವ ಜೋಳವಾಳಿ, ಒಡೆಯನಿಗೆ ಆಪತ್ತು ಬಂದ ವೇಳೆಯಲ್ಲಿ ಅವನಿಗಾಗಿ ಮಡಿಯುವೆನೆಂಬ ಪ್ರತಿಜ್ಞೆಯಾದ ವೇಳೆವಾಳಿ, ಇವು ಆ ಸಮಾಜದಲ್ಲಿ ಕೇವಲ ಭಾವಗಳಾಗಿರಲಿಲ್ಲ, ಕಟ್ಟಳೆಗಳಾಗಿದ್ದುವು. ಹಾಗೆ ಮಡಿದವರ ಹೆಸರಿನಲ್ಲಿ ಊರೂರುಗಳಲ್ಲಿ ಕಲ್ಲುಗಳು ನಿಂತುವು. ಬೇಗೂರಿನ ಗುಡಿಯಲ್ಲಿ ಸುಮಾರು 890ರ ಒಂದು ಚಿಕ್ಕ ಬರಹವು ಬೆಂಗಳೂರ ಕಾಳಗದಲ್ಲಿ ಸತ್ತವನೊಬ್ಬನನ್ನು ಸ್ಮರಿಸುತ್ತದೆ. 949-50ರ ಆತಕೂರಿನ ಕಲ್ಲು ಮಣಲೆರನೆಂಬ ವೀರನ ಸಾಹಸವನ್ನು ಹೇಳುವುದರ ಜೊತೆಗೆ, ಕಾಡುಹಂದಿಯೊಡನೆ ಹೋರಾಡಿ ಮಡಿದ ಅವನ ನಾಯಿ ಕಾಳಿಯನ್ನೂ ಮರೆತಿಲ್ಲ. ಪಂಪನು ತನ್ನ ಭಾರತವನ್ನು ಬರೆದದ್ದು ಈ ಕಲ್ಲಿಗೆ ಕೆಲವೇ ವರ್ಷಗಳ ಹಿಂದೆ. ಆ ಕಲ್ಲುಗಳನ್ನು ಓದಿದವನಿಗೆ ಕರ್ಣನ ನಿರಾಕರಣೆಯು ಪುರಾಣದ ಪಾತ್ರವೊಂದರ ಔದಾರ್ಯವಾಗಿ ಉಳಿಯದೆ, ಹತ್ತನೆಯ ಶತಮಾನದ ಕನ್ನಡ ನಾಡಿನ ಒಬ್ಬ ಆಳಿನ ಧರ್ಮಸಂಕಟವಾಗಿ ಕಾಣುತ್ತದೆ. ಹೀಗೆ ಪ್ರಧಾನ ವಿಷಯವು ಪ್ರಶ್ನೆ ಕೇಳಿತು. ಉಪವಿಷಯವು ಉತ್ತರ ಕೊಟ್ಟಿತು. ಎರಡನೆಯದೊಂದನ್ನು ಓದುವುದಕ್ಕೆ ಇದಕ್ಕಿಂತ ಬಲವಾದ ಕಾರಣವು ದೊರೆಯಲಾರದು.

ಇದು ಒಬ್ಬರ ವಿಶೇಷವೆಂದು ಭಾವಿಸಬೇಕಾಗಿಲ್ಲ. ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟವನ್ನು 1907ರಲ್ಲಿ ಹೊರತಂದ ಆರ್. ನರಸಿಂಹಾಚಾರ್ಯರು ಮೈಸೂರಿನ ಪ್ರಾಚ್ಯವಸ್ತು ಇಲಾಖೆಯ ಮುಖ್ಯಾಧಿಕಾರಿಗಳು. ಕವಿಗಳ ಕಾಲವಿಚಾರವು ಅವರ ಕೈಯಲ್ಲಿ ಸುಲಭವಾಗಿ ಮುಂದುವರಿದದ್ದಕ್ಕೆ ಅದೂ ಒಂದು ಕಾರಣ. ಪಂಪನ ತಮ್ಮ ಜಿನವಲ್ಲಭನು ಈಗಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಬರೆಯಿಸಿದ ಶಾಸನವು ಬೆಳಕಿಗೆ ಬಂದ ಮೇಲೆ, ಆದಿಕವಿಯ ವಂಶದ ವಿಷಯವಾಗಿ ತಿಳಿದಷ್ಟು ಸಂಗತಿಗಳು ಕಾವ್ಯವನ್ನು ಎಷ್ಟು ಸಾರಿ ಓದಿದರೂ ತಿಳಿಯುತ್ತಿರಲಿಲ್ಲ.

ಆದರೆ ಈ ಮಾರ್ಗದಲ್ಲಿ ಒಂದು ಅಪಾಯವೂ ಇದೆ. ಅದನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಕಾವ್ಯವು ಬರುವುದು ಸಾಕ್ಷಿಯಾಗಿ. ಶಾಸನದ ಮಾತನ್ನು ಸಮರ್ಥಿಸುವುದಕ್ಕೆ ಕವಿಯನ್ನು ಕರೆಯಲಾಗುತ್ತದೆ. ಅವನು ಸಾಕ್ಷ್ಯ ನುಡಿದು ಹೊರಡುತ್ತಾನೆ. ಗ್ರಂಥದ ಉದ್ದೇಶಕ್ಕೆ ಇದು ಸರಿಯಾದದ್ದೇ; ಗ್ರಂಥದ ಹೆಸರೇ ಅದನ್ನು ಹೇಳುತ್ತದೆ. ದೋಷವು ಆರಂಭವಾಗುವುದು ಅದನ್ನು ಮಾದರಿಯಾಗಿ ಹಿಡಿದವರು ಕಾವ್ಯವನ್ನೆಲ್ಲ ಆಚಾರ, ಆಹಾರ, ಆಭರಣಗಳ ಉಗ್ರಾಣವೆಂದು ಬಗೆಯತೊಡಗಿದಾಗ. ‘ಇಂಥ ಕಾವ್ಯದಲ್ಲಿ ಚಿತ್ರಿತವಾದ ಸಮಾಜಜೀವನ’ ಎಂಬ ಬಗೆಯ ಪ್ರಬಂಧಗಳು ನಾಡಿನ ವಿಶ್ವವಿದ್ಯಾನಿಲಯಗಳ ಗ್ರಂಥಭಂಡಾರಗಳಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಬಹುಪಾಲಿಗೆ ಕವಿಯ ಒಂದು ಪದ್ಯವು ಮತ್ತೊಂದಕ್ಕಿಂತ ಏಕೆ ಮೇಲು ಎಂಬುದು ಪ್ರಶ್ನೆಯೇ ಅಲ್ಲ. ಅಲ್ಲಿ ಉಪವಿಷಯವು ಪ್ರಧಾನ ವಿಷಯಕ್ಕೆ ಉತ್ತರ ಕೊಟ್ಟಿಲ್ಲ; ಅದನ್ನು ಮನೆಯಿಂದ ಹೊರಡಿಸಿ ತಾನೇ ಒಡೆತನಕ್ಕೆ ನಿಂತಿದೆ. ಚಿದಾನಂದಮೂರ್ತಿಗಳವರು ಈ ಕಡೆಗೆ ಪೂರ್ತಿ ವಾಲದೆ ಉಳಿದದ್ದು, ಅವರಿಗೆ ಹಳಗನ್ನಡದ ಮಾತಿನ ಮೇಲೆ ಮೊದಲೇ ಹಿಡಿತವಿದ್ದುದರಿಂದ. ಶಬ್ದದ ಅರ್ಥವನ್ನು ತೂಗುವ ಕೆಲಸದಲ್ಲಿ ಅವರು ಕೊನೆಯವರೆಗೂ ಸಾಹಿತ್ಯದ ವಿದ್ಯಾರ್ಥಿಯೇ. ಪ್ರಧಾನ ವಿಷಯದಲ್ಲಿ ಕಾಲೂರದವನು ಉಪವಿಷಯಕ್ಕೆ ಕೈಚಾಚುವುದು ಅನರ್ಥಕ್ಕೆ ಕಾರಣವೆಂಬುದು ಇದರಿಂದ ಸಿದ್ಧವಾಗುತ್ತದೆ.

ಇದಕ್ಕೆ ವಿಪರೀತವಾದ ದಾರಿಯಲ್ಲಿ ನಡೆದವರು ಬಿ. ಜಿ. ಎಲ್. ಸ್ವಾಮಿಯವರು. ಅವರ ಪ್ರಧಾನ ವಿಷಯ ಸಸ್ಯಶಾಸ್ತ್ರ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರು, ಪ್ರಾಂಶುಪಾಲರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ‘ಹಸುರು ಹೊನ್ನು’ ವಿದ್ಯಾರ್ಥಿಗಳೊಡನೆ ಪಶ್ಚಿಮಘಟ್ಟದ ಕಾಡುಗಳಲ್ಲಿ ನಡೆಸಿದ ಸಸ್ಯಶೋಧನೆಯ ಪ್ರವಾಸಕಥನ. ಅಲ್ಲಿ ಗಿಡದ ಶಾಸ್ತ್ರೀಯ ಲಕ್ಷಣ, ಅದಕ್ಕೆ ನಾಡಿನಲ್ಲಿರುವ ಹೆಸರು, ಅದರ ಉಪಯೋಗ, ವಿದ್ಯಾರ್ಥಿಗಳ ತುಂಟತನ, ಲೇಖಕರೇ ಬರೆದ ಚಿತ್ರಗಳು, ಎಲ್ಲವೂ ಒಂದೇ ಹದದಲ್ಲಿ ಬೆರೆತಿವೆ. ಸಾಹಿತ್ಯವನ್ನು ಅವರು ಪರೀಕ್ಷೆಗಾಗಿ ಓದಿದವರಲ್ಲ, ಡಿ. ವಿ. ಗುಂಡಪ್ಪನವರ ಮನೆಯಲ್ಲಿ ಬೆಳೆದವರು. ತಂದೆಯವರಾದರೋ ಮೆಟ್ರಿಕ್ಯುಲೇಷನ್ನಿನ ಆಚೆಗೆ ಕಾಲೇಜನ್ನೇ ಕಾಣದೆ ಪಂಡಿತರಾದವರು. ಹೀಗಿರಲು, ‘ಉಪವಿಷಯಕ್ಕೆ ಕಾಲೇಜಿನ ಮುದ್ರೆಯೇಕೆ? ಮನಸ್ಸಿದ್ದವನು ಓದಿಕೊಳ್ಳುತ್ತಾನೆ’ ಎಂಬ ವಾದವು ಸಹಜವಾಗಿಯೇ ಏಳುತ್ತದೆ. ಟಿ. ಎಸ್. ವೆಂಕಣ್ಣಯ್ಯನವರ ತಲೆಮಾರಿನವರು ಇದನ್ನು ಕೇಳಿದ್ದರೆ ತಲೆದೂಗಿರಬಹುದು. ಆದರೆ ಡಿ. ವಿ. ಜಿ.ಯವರ ಮನೆಯು ಎಲ್ಲರ ಮನೆಯಲ್ಲ. ಬಸವೇಶ್ವರನಗರದಲ್ಲಿಯೋ ಕೆಂಗೇರಿಯಲ್ಲಿಯೋ ಮನೆತನಕ್ಕೆ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲೇರಿದ ಹುಡುಗನಿಗೆ ಹಳಗನ್ನಡವನ್ನು ಕಲಿಸುವವರು ಕಾಲೇಜಿನ ಅಧ್ಯಾಪಕರನ್ನುಳಿದು ಮತ್ತಾರು? ಅವನ ಪಾಲಿಗೆ ಆ 360 ಗಂಟೆಗಳು ಸಿಕ್ಕದೆ ಹೋದರೆ, ಆ ವಿಷಯವೇ ಸಿಕ್ಕದೆ ಹೋದಂತೆ. ಮುದ್ರೆಯ ಬೆಲೆಯಿರುವುದು ಅಂಕಪಟ್ಟಿಯಲ್ಲಲ್ಲ, ವೇಳೆಯನ್ನೂ ಗುರುವನ್ನೂ ಒದಗಿಸಿಕೊಡುವುದರಲ್ಲಿ.

ಎಲ್ಲ ಉಪವಿಷಯವೂ ಪ್ರಧಾನಕ್ಕೆ ನೇರವಾಗಿ ದುಡಿಯಲೇಬೇಕೆಂದು ವಿಧಿಸಿದರೂ ಅತಿಯಾಗುತ್ತದೆ. ಕೆ. ಎಸ್. ನಿಸಾರ್ ಅಹಮದರು ಓದಿದ್ದು, ಕಲಿಸಿದ್ದು ಭೂವಿಜ್ಞಾನ. 1960ರ ‘ಮನಸು ಗಾಂಧಿ ಬಜಾರು’ವಿನಿಂದ ಆರಂಭವಾದ ಅವರ ಕಾವ್ಯದಲ್ಲಿ ಶಿಲೆಗಳ ಶಾಸ್ತ್ರವನ್ನು ಹುಡುಕಹೊರಟವರಿಗೆ ದೊರೆಯುವುದು ಅಲ್ಪ. ಅವರಲ್ಲಿ ಎರಡು ವಿದ್ಯೆಗಳು ಪಕ್ಕಪಕ್ಕದ ಮನೆಗಳಲ್ಲಿ ವಾಸವಾಗಿದ್ದುವು. ಒಂದು ಅನ್ನವನ್ನಿತ್ತಿತು, ಮತ್ತೊಂದು ಹೆಸರನ್ನಿತ್ತಿತು. ಇದನ್ನು ವ್ಯರ್ಥವೆನ್ನುವ ಧೈರ್ಯ ಯಾರಿಗಿದೆ? ಆದರೆ ಇಂಥದನ್ನು ಪಠ್ಯಕ್ರಮದ ತತ್ತ್ವವನ್ನಾಗಿ ಮಾಡಲಾಗದು. ಪ್ರತಿಭೆಯು ಕ್ರೆಡಿಟ್ಟಿನ ಲೆಕ್ಕಕ್ಕೆ ಸಿಕ್ಕುವುದಲ್ಲ. ಇಂಗ್ಲಿಷಿನ ಪ್ರಾಧ್ಯಾಪಕರಾದ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡದ ಛಂದಸ್ಸನ್ನೇ ತಿರುಗಿಸಿದ ಸಂಗತಿಯು ಸರ್ವರಿಗೂ ತಿಳಿದದ್ದು, ಅದನ್ನಿಲ್ಲಿ ಬೆಳೆಸಬೇಕಾಗಿಲ್ಲ.

ಈಗ ಪ್ರಶ್ನೆಯು ಕನ್ನಡ ಅಧ್ಯಾಪಕರ ಕಡೆಗೆ ತಿರುಗುತ್ತದೆ. ಕನ್ನಡವು ಪ್ರಧಾನವಾಗಿ ಬಾಳುವುದಷ್ಟೇ ಸಾಲದು, ಇತರ ಶಾಸ್ತ್ರಗಳಿಗೆ ಉಪವಿಷಯವಾಗಿಯೂ ಬಾಳಬೇಕಾಗಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ, ಮೈಸೂರು ರಸ್ತೆಯುದ್ದಕ್ಕೂ ಅವು ಅನೇಕವಿವೆ, ‘ಸಾಂಸ್ಕೃತಿಕ ಕನ್ನಡ’ ಅಥವಾ ‘ಬಳಕೆ ಕನ್ನಡ’ ಎಂಬ ಹೆಸರಿನಲ್ಲಿ ಭಾಷೆಗೆ ದೊರೆತಿರುವುದು ಒಂದೇ ಒಂದು ಕ್ರೆಡಿಟ್ಟು. ಆ ಒಂದರಿಂದ ಏನೂ ಆಗುವುದಿಲ್ಲವೆಂದು ಹಳಿದು ಕೂರುವುದು ಸುಲಭ. ಹೆಚ್ಚು ಕೊಟ್ಟರೆ ಏನನ್ನು ಕಲಿಸುವಿರಿ ಎಂದು ಕೇಳಿದರೆ ಮಾತ್ರ ಉತ್ತರವು ತಡವರಿಸುತ್ತದೆ. ಸಾಮಾನ್ಯವಾಗಿ ಮುಂದಿಡಲಾಗುವುದು ಕನ್ನಡ ಮೇಜರಿನ ಪಠ್ಯವನ್ನೇ ಕತ್ತರಿಸಿ ಕಿರಿದು ಮಾಡಿದ ಒಂದು ರೂಪ: ಸಾಹಿತ್ಯ ಚರಿತ್ರೆಯ ಕೆಲವು ಘಟ್ಟಗಳು, ಒಂದು ಕಾವ್ಯಭಾಗ, ಒಂದು ಕಾದಂಬರಿ, ಛಂದಸ್ಸಿನ ನಾಲ್ಕು ಲಕ್ಷಣಗಳು. ಇತಿಹಾಸ ಮೇಜರಿನ ವಿದ್ಯಾರ್ಥಿನಿಗೂ ಸಸ್ಯಶಾಸ್ತ್ರದವನಿಗೂ ವಾಣಿಜ್ಯದವನಿಗೂ ಅದೇ ಪಠ್ಯ. ಇದರಿಂದ ಯಾರ ಪ್ರಶ್ನೆಗೂ ಉತ್ತರವಾಗದು, ಬೇಸರವಂತೂ ಆಗುತ್ತದೆ. ಬೇಸರಗೊಂಡವರ ಸಂಖ್ಯೆಯನ್ನು ತೋರಿಸಿ ಆ ತರಗತಿಯನ್ನೇ ಮುಚ್ಚಿಸುವುದೂ ಕಷ್ಟವಲ್ಲ.

ಇತಿಹಾಸದ ವಿದ್ಯಾರ್ಥಿನಿಗೆ ಬೇಕಾದದ್ದು ಶಾಸನದ ಕನ್ನಡ. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಪಾಠವನ್ನು ಇಂಗ್ಲಿಷ್ ಅನುವಾದದ ಊರುಗೋಲಿಲ್ಲದೆ ಓದುವ ಶಕ್ತಿ ಬಂದರೆ ಅವಳ ಮೇಜರಿನ ಬಲವು ಇಮ್ಮಡಿಯಾಗುತ್ತದೆ. ವಾಣಿಜ್ಯದವನಿಗೆ ದಾನಶಾಸನಗಳಲ್ಲಿ ಬರುವ ತೆರಿಗೆ, ಸುಂಕ, ನಾಣ್ಯ, ಅಳತೆಗಳ ಶಬ್ದಗಳಿವೆ. ವ್ಯಾಪಾರಿ ಸಂಘಗಳ ಕಟ್ಟಳೆಗಳಿವೆ. ಸಸ್ಯಶಾಸ್ತ್ರದವನಿಗೆ ಸ್ವಾಮಿಯವರೇ ದಾರಿ ತೋರಿದ್ದಾರೆ. ಇಂಥ ಪಠ್ಯಗಳನ್ನು ಸಿದ್ಧಪಡಿಸಬೇಕಾದರೆ ಕನ್ನಡದ ಅಧ್ಯಾಪಕರು ಪಕ್ಕದ ವಿಭಾಗದ ಬಾಗಿಲನ್ನು ತಟ್ಟಬೇಕಾಗುತ್ತದೆ. ಜ್ಞಾನಭಾರತಿಯಂಥ ಕ್ಷೇತ್ರದಲ್ಲಿ ಅದು ದೂರದ ಪ್ರಯಾಣವೇನೂ ಅಲ್ಲ.

ಇನ್ನು ವಿದ್ಯಾರ್ಥಿಯ ನಿರ್ಣಯಕ್ಕೆ ಬಂದರೆ, ಕೆಲಸ ದೊರೆಯುವುದೆ, ಅಂಕ ಸುಲಭವೆ, ಸ್ನೇಹಿತರು ಯಾವುದನ್ನು ತೆಗೆದುಕೊಂಡರು ಎಂಬ ಪ್ರಶ್ನೆಗಳನ್ನು ಅವನು ಕೇಳದಿರುವುದಿಲ್ಲ. ಕೇಳಬಾರದೆಂದು ಹೇಳುವುದೂ ಸಲ್ಲದು. ರಾಜಾಜಿನಗರದಿಂದ ಮೆಜೆಸ್ಟಿಕ್ಕಿಗೆ ಬಂದು ಮೆಟ್ರೋ ಬದಲಿಸಿ ಜ್ಞಾನಭಾರತಿಗೆ ಹೋಗುವವನು ದಿನಕ್ಕೆ ಇನ್ನೊಂದು ಗಂಟೆಯ ಪಾಠವಿದ್ದರೆ ಮನೆ ಸೇರುವುದು ಎಷ್ಟು ಹೊತ್ತಿಗೆಂಬುದನ್ನೂ ಲೆಕ್ಕ ಹಾಕಲೇಬೇಕು. ಅವುಗಳ ಜೊತೆಗೆ, ತನ್ನ ಪ್ರಧಾನ ವಿಷಯದ ಪುಸ್ತಕದಲ್ಲಿ ಉತ್ತರವಿಲ್ಲದ ಯಾವ ಪ್ರಶ್ನೆಯು ತನ್ನನ್ನು ಕಾಡಿದೆ ಎಂಬುದನ್ನೂ ಅವನು ಕೇಳಿಕೊಳ್ಳಬೇಕು. ಅಂಥ ಪ್ರಶ್ನೆಯಿದ್ದರೆ ಉಪವಿಷಯದ ಹೆಸರು ಅದರೊಳಗೇ ಇರುತ್ತದೆ. ಇಲ್ಲದಿದ್ದರೆ ಆ ಗಂಟೆಗಳನ್ನು ಪ್ರಧಾನ ವಿಷಯಕ್ಕೇ ಕೊಡುವುದು ಲೇಸು.

ಇಲ್ಲಿ ಕಾಲದ ತೊಡಕೊಂದು ಉಳಿದಿದೆ. 2021ರ ಕ್ರಮದಲ್ಲಿ ಮೇಜರು, ಮೈನರುಗಳ ನಿರ್ಣಯವು ಐದನೆಯ ಸೆಮಿಸ್ಟರಿನ ಆರಂಭಕ್ಕೆ ನಿಂತಿತ್ತು. ವಿದ್ಯಾರ್ಥಿಗೆ ತನ್ನ ಒಲವು ತಿಳಿಯುವುದಕ್ಕೆ ಎರಡು ವರ್ಷ ಬೇಕೆಂಬುದು ಅದರ ಹಿಂದಿನ ವಿವೇಕ, ಅದು ಸರಿಯಾದದ್ದೇ. ಆದರೆ ಹಳೆಯ ಲಿಪಿಯ ಅಕ್ಷರಗಳು ಕಣ್ಣಿಗೆ ಹೊಂದಿಕೊಳ್ಳುವುದಕ್ಕೆ ತಿಂಗಳುಗಳು ಬೇಕು. ಹಳಗನ್ನಡದ ವಿಭಕ್ತಿಗಳು, ಸಮಾಸಗಳು ಕೈವಶವಾಗುವುದಕ್ಕೆ ಇನ್ನೂ ಹೆಚ್ಚು. ಐದನೆಯ ಸೆಮಿಸ್ಟರಿನಲ್ಲಿ ಅಕ್ಷರಾಭ್ಯಾಸವನ್ನು ಆರಂಭಿಸಿದವನು ಒಂದು ವೀರಗಲ್ಲಿನ ಮುಂದೆ ನಿಂತು ಅದನ್ನು ತಾನೇ ಓದುವ ಹೊತ್ತಿಗೆ ಪದವಿಯ ಪರೀಕ್ಷೆಗಳು ಮುಗಿದಿರುತ್ತವೆ.