ಮರಳಿನ ಮೇಲೆ ನಿಂತೇ ಇಳಿಯಬೇಕು

ದುಬೈಗೆ ಹೋಗಿಬಂದ ನಮ್ಮವರಲ್ಲಿ ಎಷ್ಟೋ ಜನ ಸ್ಯಾಂಡ್‌ಬೋರ್ಡಿಂಗ್ ಮಾಡಿ ನೋಡಿದ್ದಾರೆ. ಸಂಜೆಯ ಡೆಸರ್ಟ್ ಸಫಾರಿಯಲ್ಲಿ ಜೀಪಿನ ಓಟಕ್ಕೂ ರಾತ್ರಿಯ ಊಟಕ್ಕೂ ನಡುವೆ ಕೈಗೊಂದು ಹಲಗೆ ಸಿಗುತ್ತದೆ. ಸಣ್ಣ ಇಳಿಜಾರಿನಲ್ಲಿ ಒಂದೆರಡು ಸಲ ಜಾರಿ, ಫೋಟೊ ತೆಗೆಸಿಕೊಂಡು, ಹಿಂದೆ ನಿಂತವರಿಗೆ ಹಲಗೆ ದಾಟಿಸಬೇಕು. ಅಷ್ಟಕ್ಕೆ ಈ ಆಟದ ರುಚಿ ಹತ್ತುವುದಿಲ್ಲ. ಇದಕ್ಕೆ ಕಡಿಮೆಯೆಂದರೆ ಅರ್ಧ ದಿನ ಬೇಕು, ಎತ್ತರದ ದಿಬ್ಬ ಬೇಕು, ಆ ದಿಬ್ಬವನ್ನು ಬಲ್ಲ ಗೈಡ್ ಬೇಕು. ಮೂರೂ ಒಂದೇ ಕಡೆ ಸಿಗುವ ಊರು ಯಾವುದೆಂದು ಯಾರಾದರೂ ಕೇಳಿದರೆ ನಾನು ಹೇಳುವ ಹೆಸರು ನಮೀಬಿಯಾದ ಸ್ವಾಕೊಪ್‌ಮುಂಡ್.

2022ರಲ್ಲಿ ಮಧ್ಯಪ್ರದೇಶದ ಕೂನೊ ಕಾಡಿಗೆ ಎಂಟು ಚೀತಾಗಳನ್ನು ಕಳಿಸಿದ ದೇಶ ನಮೀಬಿಯಾ. ರಾಜಧಾನಿ ವಿಂಡ್‌ಹುಕ್‌ನಿಂದ ಪಶ್ಚಿಮಕ್ಕೆ ಸುಮಾರು 360 ಕಿಲೋಮೀಟರ್ ಹೋದರೆ ಅಟ್ಲಾಂಟಿಕ್ ಕಡಲಿನ ಅಂಚಿನಲ್ಲಿ ಸ್ವಾಕೊಪ್‌ಮುಂಡ್ ಇದೆ. ಜರ್ಮನ್ನರು 1892ರಲ್ಲಿ ಬಂದರಿಗಾಗಿ ಕಟ್ಟಿದ ಊರು ಇದು. ಊರಿನ ತೆಂಕಣ ಅಂಚಿಗೆ ಸ್ವಾಕೊಪ್ ನದಿಯ ಪಾತ್ರ, ವರ್ಷದ ಬಹುಪಾಲು ಒಣಗಿಯೇ ಇರುತ್ತದೆ. ನದಿಯ ಆಚೆ ದಡದಿಂದಲೇ ದಿಬ್ಬಗಳು ಶುರು, ಈಚೆ ಬಡಗಣಕ್ಕೆ ಬರೀ ಜಲ್ಲಿಕಲ್ಲಿನ ಬಯಲು. ಗಾಳಿ ತೆಂಕಣದಿಂದ ಬಡಗಣಕ್ಕೆ ಮರಳನ್ನು ದೂಡುತ್ತಲೇ ಇರುತ್ತದೆ. ಎಂದೋ ಒಮ್ಮೆ ಬರುವ ಪ್ರವಾಹ ಪಾತ್ರಕ್ಕೆ ಬಿದ್ದ ಮರಳನ್ನು ಕಡಲಿಗೆ ತಳ್ಳುತ್ತದೆ. ಹಾಗಾಗಿ ದಿಬ್ಬಗಳು ನದಿ ದಾಟಿಲ್ಲ, ಊರು ಉಳಿದಿದೆ.

ಜಗತ್ತಿನ ತೀರಾ ಹಳೆಯ ಮರುಭೂಮಿಗಳಲ್ಲಿ ನಮೀಬ್ ಒಂದು. ಆದರೆ ಈ ತೀರದಲ್ಲಿ ನಾವು ಅಂದುಕೊಳ್ಳುವ ಮರುಭೂಮಿಯ ಬಿಸಿಲಿಲ್ಲ. ಅಂಟಾರ್ಕ್ಟಿಕಾದ ಕಡೆಯ ತಣ್ಣೀರನ್ನು ತರುವ ಬೆಂಗ್ವೆಲಾ ಪ್ರವಾಹ ಕರಾವಳಿಗೆ ಒತ್ತಿಕೊಂಡೇ ಹರಿಯುತ್ತದೆ. ಅದರಿಂದ ಮಳೆ ಹುಟ್ಟುವುದಿಲ್ಲ, ಮಂಜು ಹುಟ್ಟುತ್ತದೆ. ವರ್ಷಕ್ಕೆ 20 ಮಿಲಿಮೀಟರ್ ಮಳೆಯೂ ಕಾಣದ ನೆಲದಲ್ಲಿ ಬೆಳಗಾದರೆ ಕಾರಿನ ಗಾಜು ತೊಯ್ದಿರುತ್ತದೆ. ನಾವು ಹೊರಟ ದಿನವೂ ಊರೆಲ್ಲ ಬೂದಿಬಣ್ಣಕ್ಕೆ ತಿರುಗಿತ್ತು, ಸ್ವೆಟರ್ ಬೇಕೆನ್ನಿಸುವಷ್ಟು ಚಳಿ. ಪ್ರವಾಸಗಳನ್ನು ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳುವುದಕ್ಕೆ ಕಾರಣ ಬಿಸಿಲಲ್ಲ, ಗಾಳಿ. ಮಧ್ಯಾಹ್ನವಾದಂತೆ ಕಡಲಿನ ಕಡೆಯಿಂದ ನೈಋತ್ಯದ ಗಾಳಿ ಏಳುತ್ತದೆ. ದಿಬ್ಬದ ಏಣಿನ ಮೇಲೆ ಮರಳು ಹಾರತೊಡಗಿದರೆ ಕಣ್ಣು ಬಿಡಲಾಗುವುದಿಲ್ಲ. ಮಂಜು ಕರಗಿ ಮರಳಿನ ಮೇಲ್ಪದರ ಒಣಗಿದ್ದಕ್ಕೂ ಈ ಗಾಳಿ ಏಳುವುದಕ್ಕೂ ನಡುವಿನ ಕೆಲವು ಗಂಟೆಗಳಷ್ಟೇ ಆಟಕ್ಕೆ ಉಳಿಯುತ್ತವೆ. ಅರ್ಧ ದಿನದ ಲೆಕ್ಕ ಹುಟ್ಟಿದ್ದು ಇಲ್ಲಿ.

ಕಾಲಿಗೆ ಬೋರ್ಡ್ ಕಟ್ಟುವ ಮೊದಲು ನಮ್ಮ ಗೈಡ್ ಮರಳನ್ನು ತೋರಿಸಿದರು, ಅದು ನನಗೆ ಬಹಳ ಹಿಡಿಸಿತು. ಜೇಬಿನಿಂದ ಅಯಸ್ಕಾಂತ ತೆಗೆದು ಮರಳಿನಲ್ಲಿ ಆಡಿಸಿದರೆ ಅದರ ಮೈತುಂಬ ಕಪ್ಪು ಮುಳ್ಳುಗಳೆದ್ದವು. ಅದು ಮ್ಯಾಗ್ನಟೈಟ್, ಕಬ್ಬಿಣದ ಅದಿರು. ದಿಬ್ಬದ ಮೈಮೇಲೆ ಕಾಣುವ ಕಪ್ಪು ಗೆರೆಗಳೆಲ್ಲ ಅದೇ. ನೇರಳೆ ಕೆಂಪಿನ ಗೆರೆಗಳು ಗಾರ್ನೆಟ್ ಹರಳಿನ ಪುಡಿ. ಉಳಿದದ್ದು ಬಹುಪಾಲು ಬೆಣಚುಕಲ್ಲಿನ ಕಣ. ಈ ಕಣಗಳು ಇಲ್ಲಿ ಹುಟ್ಟಿದವಲ್ಲ. ಲೆಸೊಥೊದ ಬೆಟ್ಟಗಳಿಂದ ಆರೆಂಜ್ ನದಿ ಹೊತ್ತು ತಂದು ಅಟ್ಲಾಂಟಿಕ್‌ಗೆ ಸುರಿದ ಮರಳನ್ನು ಕಡಲಿನ ಅಲೆಗಳು ಬಡಗಣಕ್ಕೆ ಸಾಗಿಸಿ ದಡಕ್ಕೆ ಎಸೆದವು. ದಡದಿಂದ ಗಾಳಿ ಎತ್ತಿಕೊಂಡಿತು. ಕಾವೇರಿಯ ಮರಳು ತಲಕಾಡಿನ ದೇಗುಲಗಳನ್ನು ಮುಚ್ಚಿದ್ದನ್ನು ಬಲ್ಲ ಕನ್ನಡಿಗರಿಗೆ ನದಿ ಗಾಳಿಗಳ ಈ ಜೊತೆಗಾರಿಕೆ ಹೊಸದಲ್ಲ. ಒಳನಾಡಿಗೆ ಹೋದಷ್ಟೂ ಕಣಗಳಿಗೆ ಕಬ್ಬಿಣದ ತುಕ್ಕು ಹತ್ತಿ ದಿಬ್ಬಗಳು ಕೆಂಪಾಗುತ್ತವೆ. ಕರಾವಳಿಯವು ಇನ್ನೂ ಗೋಧಿ ಬಣ್ಣದಲ್ಲಿವೆ.

ದಿಬ್ಬಕ್ಕೆ ಎರಡು ಮಗ್ಗುಲು. ಗಾಳಿ ಬಡಿಯುವ ಮಗ್ಗುಲು ಗಟ್ಟಿ, ಇಳಿಜಾರೂ ಕಡಿಮೆ. ಕಣಗಳು ಆ ಮೈಮೇಲೆ ಕುಪ್ಪಳಿಸುತ್ತ ಏಣಿನವರೆಗೆ ಏರಿ, ಆಚೆ ಗಾಳಿಯ ಮರೆಗೆ ಉದುರುತ್ತವೆ. ಉದುರಿದ ಮರಳು ರಾಶಿಯಾಗುತ್ತ ಸುಮಾರು 34 ಡಿಗ್ರಿಗೆ ಬಂದಾಗ ತನ್ನ ಭಾರ ತಾನೇ ತಾಳದೆ ಕುಸಿಯುತ್ತದೆ. ಒಣ ಮರಳು ಅದಕ್ಕಿಂತ ಕಡಿದಾಗಿ ನಿಲ್ಲಲಾರದು. ಜಾರುವುದು ಈ ಮರೆಯ ಮಗ್ಗುಲಲ್ಲಿ. ಏಣಿನ ಮೇಲಿಂದ ಕೆಳಗೆ ಇಣುಕಿದರೆ ಗೋಡೆಯಂತೆ ಕಂಡು ಎದೆ ನಡುಗುತ್ತದೆ, ಆದರೂ ಎಲ್ಲಿಯೂ ಆ ಮಿತಿ ಮೀರಿರುವುದಿಲ್ಲ. ಮರಳಿನ ಈ ನಡವಳಿಕೆಯನ್ನು ವಿಜ್ಞಾನವಾಗಿ ಬರೆದವರು ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ. ಲಿಬಿಯಾದ ಮರುಭೂಮಿಯಲ್ಲಿ ಕಾರು ಓಡಿಸುತ್ತ ಅಲೆದು, ಊರಿಗೆ ಮರಳಿ ಗಾಳಿಸುರಂಗದಲ್ಲಿ ಮರಳು ಹಾರಿಸಿ ನೋಡಿ, 1941ರಲ್ಲಿ ಪುಸ್ತಕ ಪ್ರಕಟಿಸಿದರು. ದಿಬ್ಬಗಳ ಬಗ್ಗೆ ಓದುವವರು ಇಂದಿಗೂ ಅಲ್ಲಿಂದಲೇ ಶುರುಮಾಡುತ್ತಾರೆ.

ಹಿಮದ ಮೇಲೆ ಜಾರಿದವರು ಇಲ್ಲಿಗೆ ಬಂದರೆ ಮೊದಲಿಗೆ ತಬ್ಬಿಬ್ಬಾಗುತ್ತಾರೆ. ಹಿಮದಲ್ಲಿ ಬೋರ್ಡಿನ ಉಜ್ಜಾಟಕ್ಕೆ ಹಿಮ ಕರಗಿ ತೆಳುವಾದ ನೀರಿನ ಪೊರೆ ಏಳುತ್ತದೆ, ಬೋರ್ಡ್ ಓಡುವುದು ಅದರ ಮೇಲೆ. ಮರಳು ಕರಗುವುದಿಲ್ಲ. ಬೆಣಚಿನ ಗಟ್ಟಿ ಕಣಗಳು ತಳವನ್ನು ಕೆರೆಯುತ್ತಲೇ ಇರುತ್ತವೆ. ಅದಕ್ಕೆ ಬೋರ್ಡಿನ ತಳ ಗಡುಸಾಗಿ, ನುಣುಪಾಗಿ ಇರಬೇಕು, ಪ್ರತಿ ಇಳಿತಕ್ಕೂ ಮುಂಚೆ ಮೇಣ ತಿಕ್ಕಬೇಕು. ನಮ್ಮ ಗೈಡ್ ಈ ಕೆಲಸವನ್ನು ಒಮ್ಮೆಯೂ ಅವಸರದಲ್ಲಿ ಮುಗಿಸಲಿಲ್ಲ. ಆಯೋಜಕರು ಒಳ್ಳೆಯವರೋ ಅಲ್ಲವೋ ಎಂದು ತಿಳಿಯಲು ಅವರ ಜೀಪನ್ನು ನೋಡಬೇಕಾಗಿಲ್ಲ, ಮೇಣ ತಿಕ್ಕುವ ಕೈಯನ್ನು ನೋಡಿದರೆ ಸಾಕು.

ಇನ್ನು ಹತ್ತುವ ಮಾತು. ಸ್ವಾಕೊಪ್‌ಮುಂಡ್‌ನ ದಿಬ್ಬದಲ್ಲಿ ಲಿಫ್ಟ್ ಇಲ್ಲ. ಪೆರುವಿನ ವಾಕಚೀನಾದಲ್ಲಿ ದೊಡ್ಡ ಚಕ್ರದ ಬಗ್ಗಿ ಗಾಡಿಗಳು ಜನರನ್ನು ದಿಬ್ಬದ ನೆತ್ತಿಗೇ ಒಯ್ದು ಬಿಡುತ್ತವೆ. ಇಲ್ಲಿ ಒಂದು ನಿಮಿಷವೂ ಹಿಡಿಯದ ಇಳಿತಕ್ಕೆ ಹತ್ತು ಹದಿನೈದು ನಿಮಿಷ ಬೋರ್ಡ್ ಹೊತ್ತು ಹತ್ತಬೇಕು. ಮರಳಿನಲ್ಲಿ ನಡೆಯಲು ಗಟ್ಟಿ ನೆಲದ ನಡಿಗೆಗಿಂತ ಎರಡು ಪಟ್ಟಿಗೂ ಮೀರಿ ಶಕ್ತಿ ಬೇಕೆಂದು ಬೆಲ್ಜಿಯಂನ ಸಂಶೋಧಕರು 1998ರಲ್ಲಿ ಅಳೆದು ತೋರಿಸಿದರು. ಕಾಲು ಹೂತಾಗ ಅರ್ಧ ಶ್ರಮ ಮರಳನ್ನು ಪಕ್ಕಕ್ಕೆ ತಳ್ಳುವುದಕ್ಕೇ ಹೋಗುತ್ತದೆ. ಆದರೂ ನನಗೆ ಬಗ್ಗಿ ಬೇಡ. ಹತ್ತುವಾಗಲೇ ದಿಬ್ಬದ ಪರಿಚಯವಾಗುವುದು. ಗಾಳಿಯ ಮಗ್ಗುಲಿನಲ್ಲಿ ಏಣನ್ನು ಹಿಡಿದು, ಮುಂದಿನವರ ಹೆಜ್ಜೆಗುರುತಿನಲ್ಲೇ ಹೆಜ್ಜೆಯಿಟ್ಟು, ಅಂಗಾಲನ್ನು ಪೂರ್ತಿ ಊರಿ ನಿಧಾನಕ್ಕೆ ಹತ್ತಬೇಕು. ಎಲ್ಲಿ ಗಟ್ಟಿ, ಎಲ್ಲಿ ಸಡಿಲ, ಇಂದು ಬೆಳಿಗ್ಗೆ ಗಾಳಿ ಎಲ್ಲಿ ಹೊಸ ಮರಳು ಸುರಿದಿದೆ ಎಂಬುದೆಲ್ಲ ಕಾಲಿಗೆ ತಿಳಿಯುತ್ತದೆ. ಇಳಿಯುವಾಗ ಬೇಕಾಗುವುದು ಇದೇ ತಿಳಿವಳಿಕೆ. ಮೇಲೆ ಮುಟ್ಟಿ ಉಸಿರು ಹಿಂತಿರುಗುವಷ್ಟರಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಕಣ್ಣು ಹೋದಷ್ಟು ದೂರ ದಿಬ್ಬಗಳು.

ಜಾರುವ ಬಗೆ ಎರಡು: ಮಲಗಿ ಜಾರುವುದು, ನಿಂತು ಜಾರುವುದು. ಬರುವವರಲ್ಲಿ ಹೆಚ್ಚಿನವರು ಮೊದಲನೆಯದನ್ನೇ ಆರಿಸಿಕೊಳ್ಳುತ್ತಾರೆ. ತೆಳುವಾದ, ಬಾಗುವ ಹಾರ್ಡ್‌ಬೋರ್ಡ್ ಹಾಳೆಯ ಮೇಲೆ ಬೋರಲು ಮಲಗಿ, ಮುಂದಿನ ಅಂಚನ್ನು ಎರಡೂ ಕೈಯಲ್ಲಿ ಮೇಲಕ್ಕೆ ಬಾಗಿಸಿ ಹಿಡಿದು, ಮೊಣಕೈ ಎತ್ತಿ, ತಲೆ ಮುಂದಾಗಿ ಇಳಿಯುವುದು. ಅಂಚು ಬಿಟ್ಟರೆ ಹಾಳೆ ಮರಳಿಗೆ ಮೂತಿ ಹೂಳುತ್ತದೆ. ನಿಧಾನಿಸಬೇಕೆಂದರೆ ಕಾಲ್ಬೆರಳು ಊರಬೇಕು. ವೇಗ ಗಂಟೆಗೆ 80 ಕಿಲೋಮೀಟರ್‌ವರೆಗೂ ಹೋಗುತ್ತದೆ ಎಂದು ಆಯೋಜಕರು ಹೇಳುತ್ತಾರೆ. ನೆಲದಿಂದ ಗೇಣು ಎತ್ತರದಲ್ಲಿ ಮುಖವಿಟ್ಟುಕೊಂಡು ಹೋಗುವಾಗ ಆ ಮಾತು ನಂಬಿಕೆಗೆ ಬರುತ್ತದೆ. ರೋಮಾಂಚನ ನಿಜ. ಆದರೆ ಎರಡನೇ ಇಳಿತವೂ ಮೊದಲನೆಯದರಂತೆಯೇ ಇರುತ್ತದೆ, ಮೂರನೆಯದೂ ಹಾಗೆಯೇ. ಅಲ್ಲಿ ನಾವು ಹಿಡಿದುಕೊಂಡಿರುತ್ತೇವೆ, ಕೆಲಸವನ್ನೆಲ್ಲ ಇಳಿಜಾರು ಮಾಡುತ್ತದೆ.

ನಿಂತು ಜಾರುವುದೇ ಬೇರೆ ವಿದ್ಯೆ. ಹಿಮದ ಬೋರ್ಡನ್ನೇ ತಳ ಬದಲಿಸಿ ಮರಳಿಗೆ ಹೊಂದಿಸಿರುತ್ತಾರೆ. ಎರಡೂ ಪಾದಗಳನ್ನು ಬಿಗಿಯಾಗಿ ಕಟ್ಟುತ್ತಾರೆ. ವೇಗ ಮಲಗಿ ಹೋದಾಗಿನ ಅರ್ಧದಷ್ಟೇ. ಗೈಡ್ ಹೇಳಿಕೊಟ್ಟದ್ದು ಎರಡೇ ಮಾತು: ಭಾರ ತುಸು ಹಿಂಗಾಲಿನ ಮೇಲಿರಲಿ, ಕಣ್ಣು ಬೋರ್ಡಿನ ಮೇಲೆ ಬೇಡ, ಹೋಗಬೇಕಾದ ಕಡೆಗಿರಲಿ. ಹಿಂಗಾಲಿಗೆ ಭಾರ ಕೊಟ್ಟರೆ ಬೋರ್ಡಿನ ಮೂತಿ ಮರಳಿನ ಮೇಲೇ ಉಳಿಯುತ್ತದೆ. ಹಿಮದಲ್ಲಿ ಕಲಿತವರಿಗೆ ಇದು ತಿರುಗುಮುರುಗು ಪಾಠ. ಮೊಣಕಾಲು ಮಡಿಸಿ, ಸೊಂಟ ಸಡಿಲ ಬಿಟ್ಟು, ಹಿಮ್ಮಡಿಯ ಕಡೆಗೆ ವಾಲಿದರೆ ಬೋರ್ಡ್ ಒಂದು ಕಡೆಗೆ ಹೊರಳುತ್ತದೆ, ಬೆರಳಿನ ಕಡೆಗೆ ವಾಲಿದರೆ ಇನ್ನೊಂದು ಕಡೆಗೆ. ತಟಕ್ಕನೆ ತಿರುಗಿಸಲು ಹೋದರೆ ಅಂಚು ಹೂತು ನಿಂತುಬಿಡುತ್ತದೆ. ಮರಳು ಅವಸರವನ್ನು ಒಪ್ಪುವುದಿಲ್ಲ, ದೊಡ್ಡ ಸುತ್ತಿನ ತಿರುವನ್ನಷ್ಟೇ ಕೊಡುತ್ತದೆ. ಮೊದಲ ಇಳಿತಗಳಲ್ಲಿ ಎಲ್ಲರೂ ಬೀಳುತ್ತಾರೆ. ಬಿದ್ದರೆ ಕೈ ಊರಬಾರದು, ಮಣಿಕಟ್ಟಿಗೆ ಪೆಟ್ಟಾಗುವುದು ಹಾಗೆಯೇ. ಪಕ್ಕಕ್ಕೆ ಹೊರಳಿ ಕೂತುಬಿಡಬೇಕು. ನನಗೆ ಒಂದು ಹೊತ್ತಿನಲ್ಲಿ ತಿರುವೊಂದು ಅರಳಿತು. ಕಾಲಡಿಯ ಮರಳು ಪದರವಾಗಿ ಸಡಿಲಗೊಂಡು ನನ್ನ ಜೊತೆಗೇ ಹರಿಯಿತು, ಎಡದ ಸುತ್ತು ಮುಗಿದದ್ದೇ ಬಲದ ಸುತ್ತಿಗೆ ಬೋರ್ಡ್ ತಾನಾಗಿ ವಾಲಿತು. ಕೆಳಗೆ ಬಂದು ತಿರುಗಿ ನೋಡಿದರೆ ದಿಬ್ಬದ ಮೈಮೇಲೆ ಹಾವಿನಂಥ ಗೆರೆ. ಸಂಜೆಯ ಗಾಳಿ ಅದನ್ನು ಅಳಿಸುತ್ತದೆಂದು ಗೊತ್ತಿದ್ದೂ ಆಗಿನ ಸಂತೋಷ ದೊಡ್ಡದು.

ಈ ದಿಬ್ಬಗಳು ಬರಿದಲ್ಲ ಎಂಬುದನ್ನು ಆಟಕ್ಕೆ ಹೋಗುವವರು ತಿಳಿದಿರಬೇಕು. ಮಂಜು ಬಂದ ಬೆಳಗಿನಲ್ಲಿ ಏಣಿನ ಮೇಲೆ ತಲೆ ಕೆಳಗಾಗಿ ನಿಂತು, ಬೆನ್ನ ಮೇಲೆ ಕೂಡಿದ ಹನಿ ಬಾಯಿಗೆ ಹರಿದು ಬರುವಂತೆ ಮಾಡುವ ಕಪ್ಪು ದುಂಬಿ ನಮೀಬಿನಲ್ಲಿದೆ. ಮರಳಿನಡಿ ಹುದುಗಿ ಬರೀ ಕಣ್ಣು ಹೊರಗಿಡುವ ಗೇಣುದ್ದದ ವಿಷದ ಹಾವಿದೆ. ಅದರ ಕಣ್ಣು ನೆತ್ತಿಯ ಮೇಲೇ ಇರುತ್ತದೆ. ಕಣಜ ಅಟ್ಟಿಸಿಕೊಂಡು ಬಂದಾಗ ಕಾಲು ಮಡಿಸಿ ಚಕ್ರದಂತೆ ದಿಬ್ಬದ ಕೆಳಗೆ ಉರುಳಿ ತಪ್ಪಿಸಿಕೊಳ್ಳುವ ಹೊಂಬಣ್ಣದ ಜೇಡವಿದೆ. ಇಲ್ಲಿ ಇಳಿಜಾರಿನ ಆಟ ಮನುಷ್ಯನಿಗಿಂತ ಮೊದಲೇ ಇತ್ತು. ಈ ಜೀವಗಳಿಗೆ ಆಸರೆ ದಿಬ್ಬದ ಬುಡದಲ್ಲಿ ಸಣ್ಣ ಗುಪ್ಪೆಗಳಾಗಿ ಬೆಳೆಯುವ ಪೊದೆಗಳು. ಕಡಿದಾದ ಮಗ್ಗುಲಿನಲ್ಲಿ ಬೋರ್ಡ್ ಮಾಡುವ ಗೆರೆ ಒಂದು ಗಾಳಿಗೆ ಅಳಿಯುತ್ತದೆ. ಜಲ್ಲಿ ಬಯಲಿನ ಮೇಲೆ ಹೋದ ಚಕ್ರದ ಗುರುತು ದಶಕಗಟ್ಟಲೆ ಉಳಿಯುತ್ತದೆ. ಕುಯ್ಸೆಬ್ ನದಿಯಾಚೆಯ ನಮೀಬ್ ಮರಳ ಕಡಲು 2013ರಿಂದ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ನಾವು ಆಡುವುದು ಅದರ ಬಡಗಣಕ್ಕಿರುವ ಕರಾವಳಿ ಪಟ್ಟಿಯಲ್ಲಿ. ಅಲ್ಲಿಯೂ ಗೈಡ್ ಗುರುತಿಸಿದ ದಾರಿ ಬಿಟ್ಟು ಹೋಗಬಾರದು.

ಇನ್ನೊಂದು ಮಾತನ್ನು ಈ ಊರಿನ ಬಗ್ಗೆ ಬರೆಯುವ ಯಾರೂ ಬಿಡಬಾರದು. 1904ರಿಂದ 1908ರವರೆಗೆ ಜರ್ಮನ್ ಆಡಳಿತ ಹೆರೆರೊ ಮತ್ತು ನಾಮಾ ಜನರನ್ನು ಕೊಂದಿತು, ಉಳಿದವರನ್ನು ಸೆರೆಶಿಬಿರಗಳಿಗೆ ತಳ್ಳಿತು. ಅಂಥ ಶಿಬಿರ ಸ್ವಾಕೊಪ್‌ಮುಂಡ್‌ನಲ್ಲೂ ಇತ್ತು. ಹಸಿವು, ಚಳಿ, ದುಡಿತಗಳಿಂದ ಸತ್ತವರನ್ನು ಊರಂಚಿನಲ್ಲಿ ಹೂತರು. ಸ್ಮಶಾನದ ಪಕ್ಕದ ಬಯಲಿನಲ್ಲಿ ಹೆಸರಿಲ್ಲದ ಸಣ್ಣ ಸಣ್ಣ ಮರಳಗುಡ್ಡೆಗಳ ಸಾಲು ಇಂದಿಗೂ ಇದೆ. ಅದು ಜನಾಂಗಹತ್ಯೆ ಎಂದು ಜರ್ಮನಿ ಒಪ್ಪಿಕೊಂಡದ್ದು 2021ರಲ್ಲಿ. ದಿಬ್ಬಕ್ಕೆ ಹೋಗುವ ಮುನ್ನಾದಿನ ಅಲ್ಲಿಗೆ ಹೋಗಿ ಬನ್ನಿ, ಗುಡ್ಡೆಗಳ ನಡುವೆ ಕಾಲಿಡದೆ ಹೊರಗೇ ನಿಂತು ನೋಡಿ.

ಹೊರಡುವವರಿಗೆ ಬೇಕಾದದ್ದು ಹೆಚ್ಚೇನಿಲ್ಲ. ತುಂಬುತೋಳಿನ ಅಂಗಿ, ದಪ್ಪ ಕಾಲುಚೀಲ, ಬೇಕೆನ್ನಿಸಿದ್ದಕ್ಕಿಂತ ಹೆಚ್ಚು ನೀರು. ಹೆಲ್ಮೆಟ್, ಕನ್ನಡಕ, ಕೈಗವಸುಗಳನ್ನು ಆಯೋಜಕರೇ ಕೊಡುತ್ತಾರೆ. ಒಳ್ಳೆಯ ಕ್ಯಾಮೆರಾ ರೂಮಿನಲ್ಲೇ ಇರಲಿ, ಈ ನುಣುಪು ಮರಳು ಲೆನ್ಸಿನೊಳಗೆ ಸೇರಿದರೆ ಅದು ಹೋದಂತೆಯೇ. ಮಂಡಿನೋವು, ಬೆನ್ನುನೋವು ಇರುವವರು ಹತ್ತುವ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಬುಕ್ ಮಾಡುವಾಗ ನಿಂತು ಜಾರುವ ಬೋರ್ಡನ್ನೇ ಕೇಳಿ. ಮೊದಲ ಗಂಟೆಯೆಲ್ಲ ಬೀಳುವುದರಲ್ಲೇ ಹೋಗಬಹುದು, ಪಕ್ಕದಲ್ಲಿ ಮಲಗಿ ಜಾರುವವರು ಕೂಗುತ್ತ ನಿಮ್ಮನ್ನು ದಾಟಿ ಹೋಗಬಹುದು. ಆಗ ಬೋರ್ಡ್ ಬದಲಾಯಿಸಿಕೊಳ್ಳಬೇಡಿ, ಎರಡನೇ ಗಂಟೆಯವರೆಗೆ ತಡೆಯಿರಿ.